ಕಾರ್ಡು ತಂದವರಿಗೆ ಅಗ್ಗ

ಅಂಗಡಿಗಳಿಗೆ ಕಾರ್ಡ್ ಮಿಷನ್ ಹಂಚುವ ಕೆಲಸಕ್ಕೆ ಈಗ ಸೇರುವ ಹುಡುಗ ಹುಡುಗಿಯರಿಗೆ ಬೆಂಗಳೂರಿನಲ್ಲಿ ತರಬೇತಿ ಕೊಡುತ್ತಾರೆ. ಕಾಗದದ ಸುರುಳಿ ಹೇಗೆ ಹಾಕಬೇಕು, ಯಾವ ದೀಪ ಹತ್ತಿದರೆ ಏನರ್ಥ, ಎಲ್ಲ ಹೇಳಿಕೊಡುತ್ತಾರೆ. ಕೊನೆಯಲ್ಲಿ ಒಂದು ಸಾಲಿನ ನಿಯಮವನ್ನೂ ಹೇಳುತ್ತಾರೆ: ಕಾರ್ಡಿನಲ್ಲಿ ಕೊಟ್ಟರೆಂದು ಅಂಗಡಿಯವರು ಗಿರಾಕಿಯಿಂದ ಹೆಚ್ಚಿಗೆ ವಸೂಲು ಮಾಡುವಂತಿಲ್ಲ. ಎಲ್ಲರೂ ಬರೆದುಕೊಳ್ಳುತ್ತಾರೆ. ಆಮೇಲೆ ಊಟಕ್ಕೆ ಬಿಡುತ್ತಾರೆ.

ಆ ಒಂದು ಸಾಲನ್ನು ಹೊತ್ತುಕೊಂಡು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಬಸ್ಸುಗಳಲ್ಲಿ ವರ್ಷಗಟ್ಟಲೆ ಅಲೆದವಳು ನಾನು. ನಮ್ಮ ಬ್ಯಾಂಕಿನ ಹಾಸನದ ಶಾಖೆಯಲ್ಲಿ ಉಳಿದವರಿಗೆಲ್ಲ ಕುರ್ಚಿ ಇತ್ತು, ನನಗೆ ಚೀಲ ಇತ್ತು. ಚೀಲದ ತುಂಬ ಮಿಷನ್ನುಗಳು, ಚಾರ್ಜರುಗಳು, ಕಾಗದದ ಸುರುಳಿಗಳು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ನನ್ನನ್ನು ನರ್ಸಮ್ಮ ಎಂದುಕೊಂಡು ಎಷ್ಟೋ ಸಲ ಬಿ.ಪಿ. ನೋಡಲು ಕೈ ಚಾಚಿದ್ದಾರೆ.

ಮೊದಲು ಲೆಕ್ಕ ತಿಳಿದುಕೊಳ್ಳಿ. ಗಿರಾಕಿ ನೂರು ರೂಪಾಯಿಗೆ ಕ್ರೆಡಿಟ್ ಕಾರ್ಡ್ ಉಜ್ಜಿದರೆ ಅಂಗಡಿಯವನ ಖಾತೆಗೆ ಬೀಳುವುದು ಸುಮಾರು ತೊಂಬತ್ತೆಂಟು. ಉಳಿದ ಎರಡು ಬ್ಯಾಂಕುಗಳ ಪಾಲು. ಆ ಎರಡನ್ನು ಅಂಗಡಿಯವನೇ ನುಂಗಿಕೊಳ್ಳಬೇಕು ಎನ್ನುವುದು ನಮ್ಮ ಕರಾರು. ಗಿರಾಕಿ ನುಂಗಲಿ ಎನ್ನುವುದು ಅವನ ಅಭಿಪ್ರಾಯ. ಇಬ್ಬರೂ ನುಂಗದೆ ಉಗಿದದ್ದು ಬಂದು ಬೀಳುತ್ತಿದ್ದದ್ದು ನನ್ನ ಮೇಲೆ.

ಹೊಳೆನರಸೀಪುರದ ಸೀರೆ ಅಂಗಡಿಯ ಯಜಮಾನರೊಬ್ಬರು ಮಿಷನ್ನನ್ನು ದೇವರ ಪಟದ ಕೆಳಗಿಟ್ಟು ಶುಕ್ರವಾರ ಶುಕ್ರವಾರ ಕುಂಕುಮ ಹಚ್ಚುತ್ತಿದ್ದರು. ಕುಂಕುಮವೆಲ್ಲ ಸೀಳಿನೊಳಗೆ ಇಳಿದು, ಮಿಷನ್ ಯಾವ ಕಾರ್ಡನ್ನೂ ಓದದ ಸ್ಥಿತಿಗೆ ಬಂತು. ನಾನು ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ ತೆಗೆದು, ಇನ್ನು ಹಚ್ಚಬೇಡಿ ಎಂದೆ.

"ಲಕ್ಷ್ಮಿ ಬರೋ ಬಾಗ್ಲು ಮೇಡಮ್ಮೋರೆ, ಬೋಳಾಗಿ ಬಿಡಕ್ಕಾಯ್ತದಾ?" ಎಂದರು.

"ಮತ್ತೆ ಗಿರಾಕಿಗಳ ಹತ್ತಿರ ಎರಡು ಪರ್ಸೆಂಟ್ ಜಾಸ್ತಿ ತಗೋತೀರಂತಲ್ಲ?"

"ಅದ್ನ ಗಿರಾಕಿ ತವ ಕೇಳ್ದೆ ದೇವ್ರ ತವ ಕೇಳಕ್ಕಾಯ್ತದಾ?"

ಅರಕಲಗೂಡಿನ ಒಂದು ಬೇಕರಿಯಲ್ಲಿ ನಾನು ಪೆಟ್ಟಿಗೆಯಿಂದ ಹೊಸ ಮಿಷನ್ ತೆಗೆದು ಇನ್ನೂ ವೈರು ಚುಚ್ಚಿರಲಿಲ್ಲ, ಮಾಲೀಕರು ಅದರ ಮೇಲೆ "ಕೆಟ್ಟಿದೆ" ಎಂದು ಚೀಟಿ ಅಂಟಿಸಿದರು. ಹೊಸದಲ್ಲವೇ ಎಂದರೆ, "ಇವತ್ತಲ್ಲ ನಾಳೆ ಕೆಡ್ತದಲ್ಲ ಬುಡಿ" ಎಂದರು. ಅದು ನನ್ನ ಕಾಲದಲ್ಲೆಲ್ಲ ಕೆಡಲಿಲ್ಲ. ಚೀಟಿಯನ್ನು ಮಾತ್ರ ಎರಡು ಸಲ ಬದಲಾಯಿಸಿದರು.

ಇವೆಲ್ಲ ಸಣ್ಣ ಪುಟ್ಟವು. ಈ ನಿಯಮ ಎಂಥದೆಂದು ನನಗೆ ಪೂರ್ತಿ ಕಲಿಸಿದವರು ಚನ್ನರಾಯಪಟ್ಟಣದ ಬೋರೇಗೌಡರು ಮತ್ತು ನಿವೃತ್ತ ಕಂಡಕ್ಟರ್ ಕೆಂಪಣ್ಣನವರು.

ಬೋರೇಗೌಡರದು ಹೆದ್ದಾರಿಯ ಪಕ್ಕ ಮೋಟಾರು, ಪೈಪು, ಹಗ್ಗ, ನಟ್ಟು ಬೋಲ್ಟುಗಳ ಅಂಗಡಿ. ಪೈಪಿನ ರಾಶಿಯ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಬಂದವರನ್ನು ಮೊದಲು ಬೋರ್‌ವೆಲ್ ಎಷ್ಟಡಿ ಎಂದು ಕೇಳಿ ಆಮೇಲೆ ಹೆಸರು ಕೇಳುತ್ತಿದ್ದರು. ಕೆಂಪಣ್ಣನವರು ಶ್ರವಣಬೆಳಗೊಳದ ಕಡೆಯ ಹಳ್ಳಿಯವರು. ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತರಾಗಿ, ಬಂದ ಹಣವನ್ನೆಲ್ಲ ತೆಂಗಿನ ಸಸಿಗಳ ನರ್ಸರಿಗೆ ಹಾಕಿದ್ದರು. ಅವರು ಗೌಡರ ಅಂಗಡಿಯಲ್ಲಿ ಕಾರ್ಡು ಉಜ್ಜಿ ಒಂದು ಮೋಟಾರು ಕೊಂಡರು. ಗೌಡರು ಎರಡು ಪರ್ಸೆಂಟ್ ಹೆಚ್ಚಿಗೆ ಹಾಕಿದರು. ಕೆಂಪಣ್ಣನವರು ಅದನ್ನು ಬಿಲ್ಲಿನಲ್ಲಿ ಬರೆಯಿರಿ ಎಂದರು. ಗೌಡರು ಬರೆಯಲಿಲ್ಲ. ಮಾರನೆಯ ದಿನ ಕೆಂಪಣ್ಣನವರು ಹಾಸನದಲ್ಲಿ ನನ್ನ ಮುಂದೆ ಕೂತಿದ್ದರು.

"ಟಿಕೆಟ್ನಾಗೆ ಒಂದು, ಈಸ್ಕಂಡಿದ್ದು ಒಂದು ಆದ್ರೆ ನಮ್ಮುನ್ನ ಆ ಸ್ಟಾಪ್ನಲ್ಲೇ ಇಳ್ಸಿ ಸಸ್ಪೆಂಡ್ ಮಾಡೋರು ಮೇಡಂ. ಇವ್ರನ್ನ ಯಾರೂ ಇಳ್ಸಂಗಿಲ್ವಾ?"

ನಾನು ಚೀಲ ಹಿಡಿದು ಹೋದೆ. ಬೋರೇಗೌಡರು ಏನನ್ನೂ ಮುಚ್ಚಿಡಲಿಲ್ಲ.

"ನೂರ್ರುಪಾಯ್ ಮೋಟ್ರು ಮಾರುದ್ರೆ ನಂಗುಳ್ಯೋದು ಮೂರು. ಅದ್ರಲ್ಲಿ ಎರಡು ನಿಮ್ಮ ಮಿಷನ್ನು ತಿಂದ್ರೆ, ಅಂಗ್ಡಿ ಬಾಡ್ಗೆ ನಿಮ್ಮ ಮಿಷನ್ನೇ ಕಟ್ತದಾ ಮೇಡಮ್ಮೋರೆ?"

ನನಗೆ ನಿಯಮ ಗೊತ್ತಿತ್ತು. ಅದನ್ನೇ ಹೇಳಿದೆ: "ಮಾಲು ಕೊಡದೆ ದುಡ್ಡು ತಗೋಬಾರದು ಗೌಡ್ರೇ. ಅಷ್ಟೇ."

ಅವರು ಅಂಗಡಿಯ ಸುತ್ತ ಒಮ್ಮೆ ಕಣ್ಣಾಡಿಸಿ, "ಮಾಲು ಕೊಟ್ರೆ?" ಎಂದರು.

"ಮಾಲು ಕೊಟ್ಟರೆ ಅದು ವ್ಯಾಪಾರ" ಎಂದೆ. ಈ ಮಾತಿನಲ್ಲಿ ತಪ್ಪೇನಿದೆ ಎಂದು ಇವತ್ತಿಗೂ ನನಗೆ ಹೊಳೆದಿಲ್ಲ.

ಒಂದು ವಾರ ಕಳೆದು ಗೌಡರ ಫೋನು ಬಂತು. ಹಿಂದೆ ಲಾರಿಗಳ ಸದ್ದು. "ಮೇಡಮ್ಮೋರೆ, ನೀವ್ ಏಳ್ದಂಗೇ ಮಾಡ್ಬುಟ್ಟೆ. ಇವತ್ತಿಂದ ಕಾರ್ಡು ತರೋರ್ಗೆಲ್ಲ ಅಗ್ಗ ಕೊಡ್ತಿವ್ನಿ."

ನಾನು ಶಿವಮೊಗ್ಗದ ಕಡೆಯವಳು. ಈ ಸೀಮೆಯಲ್ಲಿ ಹಕಾರ ಇರುವಲ್ಲಿ ಇರುವುದಿಲ್ಲ ಎಂದು ಗೊತ್ತಿದ್ದರೂ ಫೋನಿನಲ್ಲಿ ಕಿವಿ ಸೋಲುತ್ತಿತ್ತು. ಕಾರ್ಡು ತಂದವರಿಗೆ ಕಡಿಮೆ ಬೆಲೆಗೆ ಕೊಡುತ್ತಿದ್ದಾರೆ ಎಂದು ನನಗೆ ಸಂತೋಷವಾಗಿ, ಬೆಂಗಳೂರಿನ ನಮ್ಮ ಮೇಲಧಿಕಾರಿ ದಿವಾಕರ್ ಸಾಹೇಬರಿಗೆ ತಿಳಿಸಿದೆ. ಅವರು ಇನ್ನೂ ಸಂತೋಷಪಟ್ಟರು. ಮುಂದಿನ ಸಭೆಯಲ್ಲಿ ಅದಕ್ಕೆ "ಚನ್ನರಾಯಪಟ್ಟಣ ಮಾದರಿ" ಎಂದು ಹೆಸರಿಟ್ಟು, ಉಳಿದ ಜಿಲ್ಲೆಗಳವರಿಗೆ ನೋಡಿ ಕಲಿಯಿರಿ ಎಂದರಂತೆ.

ಆಮೇಲೆ ಕೆಂಪಣ್ಣನವರು ಬಂದರು. ಹೆಗಲ ಮೇಲೆ ಒಂದು ದೊಡ್ಡ ಸುತ್ತು ತೆಂಗಿನ ನಾರಿನ ಹಗ್ಗ. ಅದನ್ನು ನನ್ನ ಮೇಜಿನ ಮೇಲೆ ಇಳಿಸಿದರು.

"ಇದೇನು?"

"ಎರಡು ಪರ್ಸೆಂಟು."

ಗೌಡರು ಕೊಟ್ಟದ್ದು ಹಗ್ಗ. ಕಾರ್ಡಿನಲ್ಲಿ ಪೈಪು ಕೊಂಡವರು ಮಾರಾಟವಾಗದೆ ಉಳಿದಿದ್ದ ಹಗ್ಗವನ್ನೂ ಎರಡು ಪರ್ಸೆಂಟಿನಷ್ಟು ದುಡ್ಡು ಕೊಟ್ಟು ಕೊಳ್ಳಬೇಕು. ಬಿಲ್ಲಿನಲ್ಲಿ ಚೊಕ್ಕವಾಗಿ ಬರೆದಿದ್ದರು: ಪೈಪು ಇಷ್ಟು, ಹಗ್ಗ ಇಷ್ಟು. ಮಾಲು ಕೊಟ್ಟಿದ್ದಾರೆ, ದುಡ್ಡು ತೆಗೆದುಕೊಂಡಿದ್ದಾರೆ. ಹಗ್ಗ ಬೇಡ ಎಂದವರಿಗೆ, "ಬ್ಯಾಡ್ದಿದ್ರೆ ಕ್ಯಾಶ್ ಕೊಡಿ" ಎನ್ನುತ್ತಿದ್ದರು.

"ಮನೇಲಿರೋ ಒಂದು ಅಸೂಗೆ ಎಷ್ಟು ಅಗ್ಗ ಕಟ್ಲಿ ಮೇಡಂ? ಇದು ಸಾಕ್ಷಿ. ಮಡೀಕಳಿ, ಮಡೀಕಂಡಿದ್ದೀವಿ ಅಂತ ಬರ್ಕೊಡಿ."

ಹಗ್ಗಕ್ಕೆ ರಸೀತಿ ಕೊಡಲು ಬ್ಯಾಂಕಿನಲ್ಲಿ ಏರ್ಪಾಟಿಲ್ಲ. ಆದರೆ ದೂರಿನ ಜೊತೆ ಬಂದ ಸಾಕ್ಷಿಯನ್ನು ತೀರ್ಮಾನವಾಗುವ ತನಕ ಕಾಪಾಡಬೇಕೆಂಬ ಏರ್ಪಾಟಿದೆ. ಮ್ಯಾನೇಜರು ತಲೆ ಕೆರೆದುಕೊಂಡು ಹಳೆಯ ಕಡತಗಳ ಕೋಣೆಯಲ್ಲಿ ಇಡಿಸಿದರು. ಬ್ಯಾಂಕಿನವರು ಹಗ್ಗ ಇಟ್ಟುಕೊಳ್ಳುತ್ತಾರೆ ಎಂಬ ಸುದ್ದಿ ಹೇಗೆ ಹರಡಿತೋ, ಗೌಡರ ಬೇರೆ ಗಿರಾಕಿಗಳೂ ಹಾಸನಕ್ಕೆ ಬಂದಾಗ ತಂದು ಕೊಟ್ಟು ಹೋಗತೊಡಗಿದರು. ಒಬ್ಬರು, ಮಳೆಗಾಲ ಮುಗಿದ ಮೇಲೆ ವಾಪಸು ಕೊಡುತ್ತೀರಾ ಎಂದೂ ವಿಚಾರಿಸಿದರು. ತಪಾಸಣೆಗೆ ಬಂದ ಆಡಿಟರು ಆ ಕೋಣೆಯ ಬಾಗಿಲು ತೆಗೆಸಿ ಒಂದು ಸುತ್ತು ಹಗ್ಗವನ್ನು ಎತ್ತಿ ನೋಡಿದರು.

"ಇದು ಯಾರದು?"

"ಗಿರಾಕಿಗಳದು ಸರ್" ಎಂದರು ಮ್ಯಾನೇಜರು.

"ಹಾಗಾದರೆ ಲಾಕರಿನಲ್ಲಿ ಯಾಕಿಟ್ಟಿಲ್ಲ?"

ಆಡಿಟರ ಪ್ರಶ್ನೆ ಬೆಂಗಳೂರು ತಲುಪಿ, ಚನ್ನರಾಯಪಟ್ಟಣ ಮಾದರಿ ಎಂದರೇನೆಂದು ದಿವಾಕರ್ ಸಾಹೇಬರಿಗೆ ಗೊತ್ತಾಯಿತು. ಅವರು ನನ್ನನ್ನು ಬೈಯಲಿಲ್ಲ. ಅದಕ್ಕಿಂತ ಕಷ್ಟದ ಕೆಲಸ ಮಾಡಿದರು, ತಾವೇ ಬಂದರು. ಗಿರಾಕಿಯ ವೇಷದಲ್ಲಿ ಹೋಗಿ ಕಣ್ಣಾರೆ ಕಂಡು ವರದಿ ಬರೆಯುತ್ತೇನೆ ಎಂದರು. ಹಾಸನದಲ್ಲಿ ಒಂದು ಪಂಚೆ ಕೊಂಡು ಕಾರಿನಲ್ಲೇ ಉಟ್ಟುಕೊಂಡರು. ನಾನು ರಸ್ತೆಯ ಆಚೆ ಎಳನೀರು ಮಾರುವವನ ಗಾಡಿಯ ಮರೆಯಲ್ಲಿ ನಿಂತೆ.

ಸಾಹೇಬರು ಪಂಚೆ ಎತ್ತಿ ಹಿಡಿದು ನಡೆದ ರೀತಿ ನೋಡಿಯೇ ಎಳನೀರಿನವನು, "ಯಾರಮ್ಮ ಅದು, ನಾಟ್ಕದೋರಾ?" ಎಂದ. ಅಂಗಡಿಯಲ್ಲಿ ನಡೆದದ್ದನ್ನು ಆಮೇಲೆ ಗೌಡರೇ ನನಗೆ ಹೇಳಿದರು.

"ಬಂದೋರೇ 'ತಾವು ಕ್ರೆಡಿಟ್ ಕಾರ್ಡ್ ಸ್ವೀಕರಿಸುತ್ತೀರಾ' ಅಂದ್ರು. ಈ ರೋಡ್ನಾಗೆ ನಾನು ಉಟ್ದಾಗಿಂದ ಯಾರೂ ಏನೂ ಸ್ವೀಕರಿಸಿಲ್ಲ ಕಣಮ್ಮೋರೆ. ಆವಾಗ್ಲೇ ಗೊತ್ತಾಗೋಯ್ತು. ಬೋರು ಎಷ್ಟಡಿ ಸಾ ಅಂದೆ. 'ಮೂರನೇ ಮಹಡಿ' ಅಂದ್ರು."

ದೊಡ್ಡ ಮನುಷ್ಯರು ಬಂದಿದ್ದಾರೆಂದು ಗೌಡರು ತಾವೇ ಎಳನೀರಿಗೆ ಎದ್ದರು. ತರಲು ನಾನು ನಿಂತಿದ್ದ ಗಾಡಿಗೇ ಬಂದರು. ನಾನು ಕುಕ್ಕರುಗಾಲಿನಲ್ಲಿ ಕೂತು ಬುರುಡೆಗಳ ರಾಶಿಯನ್ನು ನೋಡುತ್ತಿದ್ದೆ. "ಮೇಡಮ್ಮೋರ್ಗೂ ಒಂದು ಕೊಡ್ಲಾ" ಎಂದು ಎಳನೀರಿನವನಿಗೆ ಹೇಳಿ, ಇನ್ನೇನೂ ಕೇಳದೆ ಹೋದರು. ಸಾಹೇಬರಿಗೆ ಹಗ್ಗ ಕೊಡಲಿಲ್ಲ, ಹೆಚ್ಚಿಗೆ ಕೇಳಲೂ ಇಲ್ಲ. ಹೂಗಿಡಕ್ಕೆ ನೀರು ಬಿಡುವ ಹಸಿರು ಪೈಪನ್ನು ಹೇಳಿದ ಬೆಲೆಗಿಂತ ಕಡಿಮೆಗೆ ಕೊಟ್ಟರು. ಸಾಹೇಬರು ಆ ಪೈಪನ್ನು ಕಾರಿನ ಕಿಟಕಿಯಿಂದ ಹೊರಗೆ ಚಾಚಿಕೊಂಡು ಬೆಂಗಳೂರಿಗೆ ಹೋದರು. ವರದಿಯಲ್ಲಿ ಹೀಗೆ ಬರೆದರು: ಹೆಚ್ಚುವರಿ ಶುಲ್ಕ ಕೇಳಲಿಲ್ಲ, ಸತ್ಕಾರ ಚೆನ್ನಾಗಿತ್ತು.

ಇದು ಕೆಂಪಣ್ಣನವರ ಕಿವಿಗೆ ಬಿತ್ತು. "ಸಾಯೇಬ್ರಿಗೊಂದು ಟಿಕೆಟ್ಟು, ನಂಗೊಂದು ಟಿಕೆಟ್ಟಾ?" ಎಂದು ಕುದ್ದು, ನಮ್ಮ ಮುಖ್ಯ ಕಚೇರಿಗೆ, ಅದರ ಮೇಲಿನ ಕಚೇರಿಗೆ, ಅದಕ್ಕೂ ಮೇಲಿನವರಿಗೆ ದೂರು ಕೊಟ್ಟರು. ಕೊನೆಗೆ ಮೇಲಿಂದ ಆಜ್ಞೆ ಬಂತು: ಆ ಅಂಗಡಿಯಿಂದ ಮಿಷನ್ ವಾಪಸು ಪಡೆಯುವುದು.

ಮಾರ್ಚಿನ ಬಿಸಿಲು. ಮಿಷನ್ ತರಲು ನಾನು ಚನ್ನರಾಯಪಟ್ಟಣಕ್ಕೆ ಹೋದೆ. ಇಷ್ಟು ದಿನದ ಹಗ್ಗದ ಕಾಟ ಮುಗಿಯಿತೆಂದು ನನಗೆ ನೆಮ್ಮದಿ ಆಗಬೇಕಿತ್ತು, ಆಗಲಿಲ್ಲ. ಗೌಡರು ಮಿಷನ್ನನ್ನು ಒರೆಸಿ, ಹೊಸ ಮೋಟಾರಿನ ಪೆಟ್ಟಿಗೆಯಲ್ಲಿ ಹುಲ್ಲು ಹಾಸಿ ಇಟ್ಟಿದ್ದರು.

"ತಕಳಿ ಮೇಡಮ್ಮೋರೆ. ಬೇಸಿಗೇನಾಗೇ ನಮ್ದು ವ್ಯಾಪಾರ. ದುಡ್ಡು ಕೈಲಿಲ್ದೋರೇ ಕಾರ್ಡು ತರೋದು. ಅವ್ರಿನ್ನ ಹಾಸನಕ್ಕೋಯ್ತಾರೆ. ಓಗ್ಲಿ."

ಅವರ ದನಿ ಅಷ್ಟು ಸಣ್ಣದಾಗಿದ್ದದ್ದನ್ನು ನಾನು ಕೇಳಿರಲಿಲ್ಲ. ನಾನು ಪೆಟ್ಟಿಗೆಯನ್ನು ಚೀಲಕ್ಕೆ ಹಾಕುತ್ತಿದ್ದಾಗ ಅಂಗಡಿಯ ಮುಂದೆ ಗೂಡ್ಸ್ ಆಟೋ ಬಂದು ನಿಂತಿತು. ಅದರಿಂದ ಕೆಂಪಣ್ಣನವರು ಇಳಿದರು. ಹಿಂದೆ ಕಪ್ಪಗೆ ಸುಟ್ಟ ಮೋಟಾರು ಬಿದ್ದಿತ್ತು. ನನ್ನನ್ನಾಗಲಿ ಚೀಲವನ್ನಾಗಲಿ ಅವರು ನೋಡಲಿಲ್ಲ. ಸೀದಾ ಗೌಡರ ಮುಂದೆ ನಿಂತರು.

"ಗೌಡ್ರೆ, ರಾತ್ರಿ ಓಲ್ಟೇಜ್ ಎಚ್ಚಾಗಿ ಮೋಟ್ರು ಸುಟ್ಟೋಯ್ತು. ಸಸಿಗೆ ನೀರಿಲ್ಲ. ಈ ಬಿಸ್ಲಲ್ಲಿ ನಾಳೆ ವತ್ತಾರೆಗೆ ಎಲ್ಲಾ ಬಾಡೋಯ್ತವೆ. ಅಂಥದ್ದೇ ಇನ್ನೊಂದು ಕೊಡಿ." ಹಾಗೆನ್ನುತ್ತಲೇ ಜೇಬಿನಿಂದ ಕಾರ್ಡು ತೆಗೆದರು.

ಗೌಡರು ನನ್ನ ಚೀಲದ ಕಡೆ ಕೈ ತೋರಿಸಿದರು.

ಕೆಂಪಣ್ಣನವರ ಮುಖ ಇಳಿಯಿತು. ಊರಿನಲ್ಲಿ ಇನ್ನೆರಡು ಮೋಟಾರಿನ ಅಂಗಡಿಗಳಲ್ಲಿ ಆಗಲೇ ಕೇಳಿ ಬಂದಿದ್ದರು. ಒಂದರಲ್ಲಿ ಅಷ್ಟು ಶಕ್ತಿಯ ಮೋಟಾರಿರಲಿಲ್ಲ, ಇನ್ನೊಂದರಲ್ಲಿ ಕಾರ್ಡು ನಡೆಯುತ್ತಿರಲಿಲ್ಲ. ಇದ್ದ ಹಣವೆಲ್ಲ ಸಸಿಯ ರೂಪದಲ್ಲಿ ನೆಲದ ಮೇಲೆ ನಿಂತಿತ್ತು.

"ಮೋಟ್ರು ತಕಂಡೋಗಿ. ದುಡ್ಡು ಆದಾಗ ಕೊಡೀರಂತೆ" ಎಂದರು ಗೌಡರು.

"ನಿಮ್ಮ ಮ್ಯಾಲೆ ಕಂಪ್ಲೇಂಟ್ ಕೊಟ್ಟು, ನಿಮ್ಮ ತವೇ ಸಾಲ ಕೇಳ್ಲಾ? ನಾಳೆ ಯಾವ ಮಕ ಇಟ್ಕಂಡು ಈ ರೋಡ್ನಾಗೆ ತಿರುಗ್ಲಿ?"

"ಸಸಿ ಸಾಯ್ತವೆ ಕಣಪ್ಪ!"

"ಸಾಯ್ಲಿ!" ಎಂದರು. ಅಂದ ಮೇಲೆ ಪೈಪಿನ ರಾಶಿ ಹಿಡಿದುಕೊಂಡು ಕೂತುಬಿಟ್ಟರು. ಕಣ್ಣಲ್ಲಿ ನೀರಿತ್ತು.

ನಾನು ಪೆಟ್ಟಿಗೆ ಬಿಚ್ಚಿದೆ. ಮಿಷನ್ ನನ್ನ ಚೀಲಕ್ಕೆ ಬಂದಿತ್ತೇ ಹೊರತು, ಅದನ್ನು ನಿಲ್ಲಿಸಿ ಎಂಬ ಸಂದೇಶ ನಾನಿನ್ನೂ ಬೆಂಗಳೂರಿಗೆ ಕಳಿಸಿರಲಿಲ್ಲ. ಕಳಿಸುವ ತನಕ ಅದಕ್ಕೆ ಜೀವ ಇರುತ್ತದೆ. "ಬೇಗ ಹೇಳಿ ಗೌಡ್ರೇ, ಎಷ್ಟು?" ಎಂದೆ.

ಗೌಡರು ಮೋಟಾರಿನ ಬೆಲೆ ಹೇಳಿದರು.

ಕೆಂಪಣ್ಣನವರು ತಲೆ ಎತ್ತಿದರು. "ಎರಡು ಪರ್ಸೆಂಟ್ ಸೇರ್ಸಿಲ್ಲ."

"ಬ್ಯಾಡ."

"ಯಾಕ್ ಬ್ಯಾಡ? ಅಂಗೆ ಧರ್ಮಕ್ಕೆ ತಕಳೋನಲ್ಲ ನಾನು. ಸೇರ್ಸಿ ಮೇಡಂ."

"ಮೇಡಮ್ಮೋರೆ, ಸೇರ್ಸುದ್ರೆ ನಾನು ಮೋಟ್ರೇ ಕೊಡಲ್ಲ" ಎಂದು ಗೌಡರು ಮೋಟಾರಿನ ಮುಂದೆ ಅಡ್ಡ ನಿಂತರು. "ಕಷ್ಟದಾಗೆ ಬಂದೋನ ತವ ಎರಡು ಪರ್ಸೆಂಟ್ ಈಸ್ಕಂಡ್ರು ಅಂತ ಇನ್ನೊಂದು ಕಂಪ್ಲೇಂಟ್ ಬರೀತೀಯ. ಗೊತ್ತು ಬುಡಪ್ಪ."

"ಈಸ್ಕಳ್ದಿದ್ರೆ ಬರೀತೀನಿ!"

ವರ್ಷಗಟ್ಟಲೆ ಈ ಜಗಳ ಕೇಳಿದವಳು ನಾನು, ಆದರೆ ಹಿಂದುಮುಂದಾಗಿ ಕೇಳಿದ್ದು ಅದೇ ಮೊದಲು. ಕೊಡುತ್ತೇನೆ ಎಂದು ಒಬ್ಬರು, ಬೇಡ ಎಂದು ಒಬ್ಬರು. ಹೊರಗೆ ಆಟೋದವನು ಹೊತ್ತಾಗುತ್ತದೆಂದು ಹಾರನ್ ಹೊಡೆಯುತ್ತಿದ್ದ. ಅತ್ತ ಸಸಿಗಳು ಬಾಡುತ್ತಿದ್ದವು.

"ಸುಮ್ಮನಿರಿ ಇಬ್ಬರೂ!" ಎಂದು ನಾನು ಕಿರುಚಿದೆ. "ಕಾರ್ಡಿಗೆಂದು ಹೆಚ್ಚಿಗೆ ಕೊಡುವಂತಿಲ್ಲ, ತಗೊಳ್ಳುವಂತಿಲ್ಲ. ಇದು ನಿಯಮ!"

ಕೆಂಪಣ್ಣನವರು ದಂಗಾಗಿ ನೋಡಿದರು. "ನಾನು ಅದ್ನೇ ತಾನೇ ಇಷ್ಟ್ ದಿವ್ಸದಿಂದ ಬಡ್ಕೊಂಡಿದ್ದು?"

ನಾನು ಬರೀ ಬೆಲೆಯನ್ನು ಒತ್ತಿ, ಕಾರ್ಡು ತುರುಕಿದೆ. ಸಿಗ್ನಲ್ ಇರಲಿಲ್ಲ. ಆ ತಗಡಿನ ಅಂಗಡಿಯೊಳಗೆ ಸಿಗ್ನಲ್ ಒಮ್ಮೊಮ್ಮೆ ಹೀಗೆ ಸತ್ತುಹೋಗುತ್ತಿತ್ತಂತೆ. ಮೂವರೂ ಹೆದ್ದಾರಿಯ ಅಂಚಿಗೆ ಓಡಿದೆವು. ಗೌಡರು ಎತ್ತರದವರು, ಮಿಷನ್ನನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದರು. ಕೆಂಪಣ್ಣನವರು ತುದಿಗಾಲಲ್ಲಿ ನಿಂತು ಗುಟ್ಟಿನ ಸಂಖ್ಯೆ ಒತ್ತಬೇಕಾಯಿತು. ಒತ್ತುವಾಗ ಯಾರೂ ನೋಡಬಾರದೆಂಬ ನಿಯಮವೂ ಇದೆಯಲ್ಲ, ಗೌಡರು ಕಣ್ಣು ಮುಚ್ಚಿಕೊಂಡರು, ನಾನು ಬೆನ್ನು ತಿರುಗಿಸಿದೆ. ಆ ಹೊತ್ತಿಗೆ ನಿಧಾನಿಸಿದ ಬೆಂಗಳೂರಿನ ಬಸ್ಸಿನ ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರನೊಬ್ಬ ಕೂಗಿದ:

"ಏನ್ ಕೆಂಪಣ್ಣಾ, ರಿಟೈರಾದ್ರೂ ರೋಡ್ನಾಗೇ ಟಿಕೆಟ್ ಅರೀತಿದ್ದೀಯಲ್ಲೋ!"

ಮಿಷನ್ನಿನಿಂದ ಚೀಟಿ ಹೊರಗೆ ಬಂತು. ಗೌಡರೇ ಮೋಟಾರನ್ನು ಹೊತ್ತು ಆಟೋಗೆ ಹಾಕಿದರು, ಇಳಿಸುವುದಕ್ಕೆ ಜನ ಬೇಕೆಂದು ತಾವೂ ಹತ್ತಿದರು. ಹೊರಡುವ ಮೊದಲು ಕೆಂಪಣ್ಣನವರು ಜೇಬಿನಲ್ಲಿದ್ದ ಚಿಲ್ಲರೆಯನ್ನೆಲ್ಲ ಗಲ್ಲಾದ ಮೇಲೆ ಸುರಿದು, ಒಂದು ಸುತ್ತು ಹಗ್ಗವನ್ನು ತಾವೇ ಎತ್ತಿಕೊಂಡರು. ಅದು ಎಷ್ಟು ಪರ್ಸೆಂಟ್ ಎಂದು ನಾನು ಲೆಕ್ಕ ಹಾಕಲು ಹೋಗಲಿಲ್ಲ.

ಅಂದು ಸಂಜೆಯೊಳಗೆ ನೀರು ಹರಿಯಿತು. ಸಸಿಗಳು ಉಳಿದವು.

ನಾನು ಕಂಡದ್ದನ್ನು ಕಂಡ ಹಾಗೆ ದಿವಾಕರ್ ಸಾಹೇಬರಿಗೆ ಹೇಳಿದೆ. "ಗಿರಾಕಿ ಕೊಡ್ತೀನಿ ಅಂದರೂ ಅಂಗಡಿಯವನು ಬೇಡ ಅಂದನೇ? ಇದಕ್ಕೆ ಸಾಕ್ಷಿ ಯಾರು?" ಎಂದರು. ದೂರು ಕೊಟ್ಟವರೇ ಎಂದೆ. ಕೆಂಪಣ್ಣನವರು ದೂರು ವಾಪಸು ಪಡೆದರು. ಗೌಡರು ಇನ್ನು ಗಿರಾಕಿಗಳಿಗೆ ಹಗ್ಗ ಕಟ್ಟುವುದಿಲ್ಲ ಎಂದು ಮಾತು ಕೊಟ್ಟರು. ಮಿಷನ್ ಅಂಗಡಿಗೆ ಮರಳಿತು. ಬ್ಯಾಂಕಿನಲ್ಲಿದ್ದ ಹಗ್ಗವನ್ನು ಬಿಡಿಸಿಕೊಂಡು ಹೋಗಲು ಯಾರೂ ಬಾರದೆ, ಶಾಖೆ ಹೊಸ ಕಟ್ಟಡಕ್ಕೆ ಹೋಗುವಾಗ ಮೇಜು ಕುರ್ಚಿಗಳನ್ನು ಲಾರಿಗೆ ಕಟ್ಟಲು ಬಳಸಿದೆವು.

ಈಗ ಕಾಲ ಬದಲಾಗಿದೆ. ಎಳನೀರಿನ ಗಾಡಿಗೂ ಚೌಕದ ಚೀಟಿ ಅಂಟಿಸಿದ್ದಾರೆ, ಜನ ಫೋನು ತೋರಿಸುತ್ತಾರೆ, ದುಡ್ಡು ಬಂತೆಂದು ಒಂದು ಡಬ್ಬಿ ಕೂಗಿ ಹೇಳುತ್ತದೆ. ಸಣ್ಣ ವ್ಯಾಪಾರದಲ್ಲಿ ಯಾರೂ ಏನೂ ನುಂಗಬೇಕಾಗಿಲ್ಲ. ಆದರೂ ಮೋಟಾರು, ಫ್ರಿಜ್ಜು, ಒಡವೆ ಎನ್ನುವಾಗ ಕ್ರೆಡಿಟ್ ಕಾರ್ಡು ಹೊರಗೆ ಬರುತ್ತದೆ. ಆ ಒಂದು ಸಾಲು ಈಗ, ಹೊಸದಾಗಿ ಈ ಕೆಲಸಕ್ಕೆ ಸೇರಿದ ನಿಮ್ಮ ಚೀಲದಲ್ಲಿದೆ. ಯಾರ ಪರ ವಹಿಸಬೇಕು ಎಂದು ನನ್ನನ್ನು ಕೇಳಬೇಡಿ. ಅಂಗಡಿಗೆ ಹೋಗಿ, ಕೂತುಕೊಳ್ಳಿ, ಇಬ್ಬರ ಮಾತೂ ಪೂರ್ತಿ ಕೇಳಿ. ಕೊಟ್ಟರೆ ಎಳನೀರು ಕುಡಿಯಿರಿ.

ನಿವೃತ್ತಳಾದ ಸ್ವಲ್ಪ ದಿನಕ್ಕೆ ನೆಂಟರ ಮನೆಯ ಗೃಹಪ್ರವೇಶಕ್ಕೆ ಚನ್ನರಾಯಪಟ್ಟಣಕ್ಕೆ ಹೋಗಿದ್ದೆ. ಗೌಡರನ್ನು ಮಾತಾಡಿಸಿ ಹೋಗೋಣವೆಂದು ಅಂಗಡಿಗೆ ನುಗ್ಗಿದೆ. ಗೌಡರು ಊಟಕ್ಕೆ ಹೋಗಿದ್ದರು. ಗಲ್ಲಾದ ಹಿಂದೆ ಅದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೆಂಪಣ್ಣನವರು ಕೂತಿದ್ದರು. ಪಟ್ಟಣಕ್ಕೆ ಬಂದಾಗೆಲ್ಲ ಊಟದ ಹೊತ್ತಿಗೆ ಅವರೇ ಅಂಗಡಿ ನೋಡಿಕೊಳ್ಳುವುದಂತೆ. ಎದುರಿಗೆ ನನ್ನಷ್ಟೇ ವಯಸ್ಸಿನ ಹೆಂಗಸೊಬ್ಬರು ಕಾರ್ಡು ಚಾಚಿ ನಿಂತಿದ್ದರು.

"ಕ್ರೆಡಿಟ್ ಕಾರ್ಡಾ? ಎರಡು ಪರ್ಸೆಂಟ್ ಎಚ್ಗೆ ಆಯ್ತದೆ ಕಣಮ್ಮ" ಎನ್ನುತ್ತಿದ್ದರು ಕೆಂಪಣ್ಣನವರು.

"ಯಾಕೆ? ಅಂಗೆಲ್ಲ ಈಸ್ಕಳಂಗಿಲ್ಲ. ನಂಗೂ ರೂಲ್ಸ್ ಗೊತ್ತು. ಬ್ಯಾಂಕಿಗೆ ಕಂಪ್ಲೇಂಟ್ ಮಾಡ್ತೀನಿ" ಎಂದರು ಆಕೆ.

"ಮಾಡಿ, ಮಾಡ್ಬೇಕಾದ್ದೇ" ಎಂದು ಕೆಂಪಣ್ಣನವರು ತಲೆ ಎತ್ತಿ, ಬಾಗಿಲಲ್ಲಿ ನಿಂತ ನನ್ನನ್ನು ಕಂಡರು. ಅವರ ಮುಖ ಅರಳಿತು. "ಅಗೋ, ಬ್ಯಾಂಕಿನ ಮೇಡಮ್ಮೇ ಬಂದವ್ರೆ. ಅವ್ರಿಗೇ ಏಳಿ."

ಆ ಹೆಂಗಸು ಗರ್ರನೆ ನನ್ನ ಕಡೆ ತಿರುಗಿದರು. ಅಷ್ಟು ವರ್ಷ ಹೇಳಿದ ನಿಯಮ ನಾಲಗೆಯ ತುದಿಗೆ ತಾನಾಗಿಯೇ ಬಂತು, ಅದನ್ನು ನಾನೇ ನುಂಗಿಕೊಂಡೆ.

"ನಾನು ಬ್ಯಾಂಕಿನವಳಲ್ಲಮ್ಮ" ಎಂದೆ. "ಒಂದು ನಲ್ಲಿ ಬೇಕಾಗಿತ್ತು, ಅಷ್ಟೇ."